ಕರಟದ ಇದ್ದಿಲಿನ ಮೇಣ

ವೀಣೆಗೆ ಹೊಸ ಮೇಣ ಹಾಕಿ ಹಿತ್ತಾಳೆ ಮೆಟ್ಟಿಲುಗಳನ್ನು ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ; ಅದು ನನ್ನ ಕೆಲಸ. ಮೇಣ ಗಟ್ಟಿಯಾಗುವವರೆಗೆ ಅದನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಅಕ್ಕನಿಗೆ ಚೆನ್ನಾಗಿ ಗೊತ್ತು, ಹಿಂದೆ ಒಮ್ಮೆ ಬೆನ್ನಿಗೆ ಗುದ್ದಿಸಿಕೊಂಡಿದ್ದಾಳೆ.

ಅಕ್ಕ ಇರುವುದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಬೆರಳ ಗೆಣ್ಣುಗಳು ಬಾತುಕೊಂಡ ಮೇಲೆ ವೀಣೆಗೆ ಗವಸು ಹಾಕಿ ಮೂಲೆಗೆ ಸರಿಸಿಬಿಟ್ಟಿದ್ದಳು. ಹೋದ ಬೇಸಿಗೆಯಲ್ಲಿ ಫೋನು ಮಾಡಿ, "ಕಲಿಯೋ ಹುಡುಗೀರು ಯಾರಿಗಾದ್ರೂ ಕೊಟ್ಬಿಡು ಕಣೇ. ತಂತಿ ಒತ್ತಿದ್ರೆ ಜೀವ ಹೋಯ್ತದೆ" ಅಂದಳು. ನನಗೆ ಅಳು ಬಂತು, ಅದಕ್ಕೇ ಬೈದೆ.

ಮರುದಿನವೇ ಅರಸೀಕೆರೆಯಿಂದ ಹೊರಟೆ. ಚೀಲದಲ್ಲಿ ಜೇನುಮೇಣ, ಹಿತ್ತಿಲಿನ ಕರಟ ಸುಟ್ಟು ಕುಟ್ಟಿದ ಇದ್ದಿಲ ಪುಡಿ. ಬಸ್ಸಿನ ಬಿಸಿಲಿಗೆ ಮೇಣ ಮೆತ್ತಗಾಗಿ ಸಣ್ಣಗೆ ಘಮಗುಟ್ಟತೊಡಗಿತು. ತೂಕಡಿಕೆಯಲ್ಲಿ ತೆಂಗಿನ ಸಾಲುಗಳು ತೇಲಿ ಹಿಂದೆ ಹೋದವು, ಎಲ್ಲೋ ಒಳಗೆ ಲಂಗ ತೊಟ್ಟ ಅಕ್ಕ ಸರಳೆ ನುಡಿಸುತ್ತಿದ್ದಳು, ತಪ್ಪಿದಲ್ಲಿಂದ ಮತ್ತೆ ಮತ್ತೆ. ಕಣ್ಣು ಬಿಟ್ಟಾಗ ಹಳೇಬೀಡು ಬಂದಿತ್ತು.

ಗವಸು ತೆಗೆದ ಕೂಡಲೇ ಗೊತ್ತಾಯಿತು. ಬೆರಳು ಸಲೀಸಾಗಿ ಜಾರಲೆಂದು ಅಕ್ಕ ವರ್ಷಗಟ್ಟಲೆ ತಂತಿಗೆ ಕೊಬ್ಬರಿ ಎಣ್ಣೆ ಸವರಿದ್ದಳು. ತೆಂಗಿನ ತೋಟದ ಮನೆಯ ಕೈ, ಎಣ್ಣೆಯ ವಿಷಯದಲ್ಲಿ ಬಲು ಧಾರಾಳ. ಎಣ್ಣೆ ಕುಡಿದ ಮೇಣ ಕುಸಿದು ಮೆಟ್ಟಿಲುಗಳು ತಗ್ಗಿದ್ದವು. ತಂತಿ ಮಾತ್ರ ಎತ್ತರದಲ್ಲೇ ಉಳಿದಿತ್ತು. ಅಷ್ಟು ಕೆಳಕ್ಕೆ ಒತ್ತಬೇಕೆಂದರೆ ನನ್ನ ಬೆರಳೂ ನೋಯುತ್ತಿತ್ತು.

"ತಲೆಗೆ ಹಚ್ಚೋದನ್ನ ವೀಣೆಗೆ ಸುರಿದಿದ್ದೀಯಲ್ಲೇ!"

"ಕೊಬ್ರಿ ಎಣ್ಣೆಯಿಂದ ಕೆಟ್ಟೋರು ಯಾರವ್ರೆ ಹೇಳು?"

ಹಳೆಯ ಮೇಣವನ್ನೆಲ್ಲ ಕಿತ್ತು, ಹೊಸದನ್ನು ಕಾಯಿಸಿ ಇದ್ದಿಲು ಬೆರೆಸಿ ನಾದಿದೆ. ಮೆಟ್ಟಿಲುಗಳನ್ನು ತಂತಿಯ ಹತ್ತಿರಕ್ಕೆ ಎತ್ತಿ ಕೂರಿಸುತ್ತ ಬಂದೆ. ತೀರ ಹತ್ತಿರವಾದರೆ ತಂತಿ ಬಡಿದು ಜರ್ರೆನ್ನುತ್ತದೆ, ದೂರವಾದರೆ ಅಕ್ಕನ ಬೆರಳಿಗೆ ಆಗದು. ನಾನು ಮೀಟುತ್ತಿದ್ದೆ, ಅವಳು ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಇನ್ನೊಂಚೂರು ಆ ಕಡೆ... ಹಾಂ, ಅಲ್ಲೇ ಐತೆ." ಮಧ್ಯಾಹ್ನ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಸ್ವರಗಳು ಒಂದೊಂದಾಗಿ ಮನೆಗೆ ಮರಳುತ್ತಿರುವಂತಿತ್ತು, ನಾನು ಸುಮ್ಮನೆ ಸುಖವಾಗಿದ್ದೆ.

"ನಾಳೆವರೆಗೂ ಮುಟ್ಟಂಗಿಲ್ಲ" ಎಂದು ಗದರಿಸಿ ಕಾಫಿ ಮಾಡಲು ಒಳಗೆ ಹೋದೆ. ಬಂದು ನೋಡಿದರೆ ಒಂದು ಮೆಟ್ಟಿಲು ಓರೆಯಾಗಿತ್ತು, ಪಕ್ಕದ ಮೇಣದಲ್ಲಿ ಬೆರಳಗಲದ ಗುಳಿ.

"ಮುಟ್ಟಿದ್ಯಾ?"

"ಇಲ್ಲಪ್ಪ."

ಸೆರಗಿನೊಳಗಿದ್ದ ಕೈಯನ್ನು ಎಳೆದು ನೋಡಿದೆ. ತೋರುಬೆರಳ ತುದಿ ಕಪ್ಪಗಿತ್ತು.

"ತಂತಿ ಒತ್ತಿದ್ರೂ ನೋವಾಗ್ಲಿಲ್ಲ ಕಣೇ" ಅಂದಳು ಮೆಲ್ಲಗೆ.

ಮೆಟ್ಟಿಲನ್ನು ಮತ್ತೆ ನೇರ ಮಾಡುತ್ತ, "ವೀಣೆ ಯಾರಿಗೋ ಕೊಡ್ಬೇಕು ಅಂತಿದ್ಯಲ್ಲ?" ಎಂದೆ.

"ಕಾಫಿ ಆರೋಯ್ತದೆ, ಕುಡಿ" ಅಂದಳು ಅಕ್ಕ.