ವರ್ಷಕ್ಕಾಗುವಷ್ಟು ಖಾರ

ಸಿಟ್ಟು ಮಾಡಿಕೊಳ್ಳಬಾರದು ಎಂದು ಹೇಳುವವರ ಮೇಲೆ ಬರುವಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬರುವುದಿಲ್ಲ. ಅಂಡಾಶಯದ ಕ್ಯಾನ್ಸರ್ ಆದ ಮೇಲಂತೂ ಇಂಥವರು ವಿಪರೀತ ಹೆಚ್ಚಿದ್ದಾರೆ. ಕೊಪ್ಪಳದ ನಮ್ಮ ಮನೆಗೆ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಮೊಬೈಲಿನಲ್ಲಿ ಉಪದೇಶ ಬಂದು ಬೀಳುತ್ತದೆ. ಸೂರ್ಯೋದಯದ ಚಿತ್ರ, ಒಂದು ಗುಲಾಬಿ, ಕೆಳಗೆ ‘ನಗುತ್ತಿರಿ, ರೋಗ ಓಡುತ್ತದೆ’. ಓಡುವುದೇ ಆಗಿದ್ದರೆ ನನ್ನ ರೋಗ ಇಷ್ಟೊತ್ತಿಗೆ ಊರಾಚೆಯ ಹಿಟ್ನಾಳ ದಾಟಿರಬೇಕಿತ್ತು. ಹೊಟ್ಟೆ ಕೊಯ್ಯಿಸಿಕೊಂಡವಳು ನಕ್ಕರೆ ಹೊಲಿಗೆ ಜಗ್ಗುತ್ತದೆ ಎಂಬುದು ಆ ಗುಲಾಬಿ ಕಳಿಸಿದವರಿಗೆ ಗೊತ್ತಿಲ್ಲ.

ಈ ರೋಗ ಬರುವುದೇ ಕಳ್ಳನ ಹಾಗೆ. ಹೊಟ್ಟೆ ಉಬ್ಬಿತು, ಎರಡು ತುತ್ತಿಗೇ ಊಟ ಸಾಕೆನಿಸಿತು. ಓಣಿಯವರು ಗ್ಯಾಸ್ ಎಂದರು, ನಾನೂ ಗ್ಯಾಸ್ ಎಂದೆ. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಅಜಿವಾನದ ಕಾಳು ಜಗಿದು, ಸೋಡಾ ಕುಡಿದು, ತಿಂಗಳುಗಟ್ಟಲೆ ಭಕ್ತಿಯಿಂದ ತೇಗಿದೆ. ಕೊನೆಗೆ ಹುಬ್ಬಳ್ಳಿಯಲ್ಲಿ ಗೊತ್ತಾದಾಗ ಮೂರನೆಯ ಹಂತ. ಆಪರೇಷನ್ ಆಯಿತು, ಈಗ ಕಿಮೋ ನಡೆದಿದೆ. ರೈಲು ಹತ್ತಿ ಹೋಗುತ್ತೇನೆ, ಬಂದು ಹಾಸಿಗೆ ಹಿಡಿಯುತ್ತೇನೆ, ಎದ್ದು ಕೂರುವಷ್ಟರಲ್ಲಿ ಮತ್ತೆ ರೈಲಿನ ದಿನ ಬಂದಿರುತ್ತದೆ.

“ಗುಣ ಆಗ್ತೀನೇನ್ರಿ?” ಎಂದು ಅಲ್ಲಿಯ ಡಾಕ್ಟರಮ್ಮನನ್ನು ಕೇಳಿದ್ದೆ.

“ಔಷಧ ಮೈಗೆ ಹತ್ತಾಕತ್ತೇತ್ರಿ. ಮುಂದಿಂದು ಸ್ಕ್ಯಾನ್ ಮಾಡಿ ನೋಡೂಣು,” ಎಂದರು. ಗುಲಾಬಿ ತೋರಿಸಲಿಲ್ಲ, ಹೆದರಿಸಲೂ ಇಲ್ಲ. ಅವರ ಮೇಲೆ ಮಾತ್ರ ನನಗೆ ಈವರೆಗೂ ಸಿಟ್ಟು ಬಂದಿಲ್ಲ.

ಮಾತಾಡಿಸಲು ಬರುವವರ ಕಥೆ ಬೇರೆ. ಬ್ರೆಡ್ಡು, ಸೇಬು ಹಿಡಿದು ಬರುತ್ತಾರೆ, ಕೂರುತ್ತಾರೆ, ನನ್ನ ಬೋಳುತಲೆ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಾರೆ. ಒಬ್ಬಾಕೆಯಂತೂ, “ಯಲಬುರ್ಗಾದಾಗ ನಮ್ಮ ಬೀಗತಿಗೂ ಹಿಂಗ ಆಗಿತ್ರಿ, ಇದ ಜಡ್ಡು,” ಎಂದಳು. “ಹೌದಾ? ಈಗ ಹೆಂಗದಾರ?” ಎಂದೆ, ಆಸೆಯಿಂದ. ಆಕೆ ಬಸಿಯಲ್ಲಿದ್ದ ಚಹಾ ಒಂದು ಗುಟುಕು ಹೀರಿ, “ಚಹಾ ಭಾಳ ಛಲೋ ಆಗೇತ್ರಿ,” ಎಂದಳು. ನಮ್ಮ ಮನೆಯ ಚಹಾಕ್ಕೆ ಅಂಥ ಹೊಗಳಿಕೆ ಎಂದೂ ಸಿಕ್ಕಿರಲಿಲ್ಲ.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಖಾರದ ವಿಷಯ.

ನಮ್ಮ ಕಡೆ ಬೇಸಿಗೆಯಲ್ಲಿ ಇಡೀ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಸಿಡುತ್ತೇವೆ. ಮೆಣಸಿನಕಾಯಿ ಒಣಗಿಸಿ, ತೊಟ್ಟು ಮುರಿದು, ಕೊತ್ತಂಬರಿ, ಜೀರಿಗೆ, ಒಣಕೊಬ್ಬರಿ ಹುರಿದು, ಗಿರಣಿಯಲ್ಲಿ ಕುಟ್ಟಿಸಿ ಡಬ್ಬಿ ತುಂಬಿದರೆ ಮುಂದಿನ ಬೇಸಿಗೆಯ ತನಕ ನಿಶ್ಚಿಂತೆ. ಈ ಮೆಣಸಿನಕಾಯಿ ನಮ್ಮ ನೆಲದ್ದೇ ಅಲ್ಲ, ಹಡಗಿನಲ್ಲಿ ಬಂದದ್ದು ಎಂದರೆ ನಮ್ಮ ಶಾಲೆಯ ಮಕ್ಕಳು ನಂಬುವುದಿಲ್ಲ. ಗಂಗಾವತಿ ಕಡೆಯ ಬೆಟ್ಟಗಳ ಮೇಲೆ, ಅದು ಬರುವ ಮೊದಲೇ, ಕೋಟೆ ಕಟ್ಟಿದವರು ಬರೀ ಕಾಳುಮೆಣಸಿನ ಸಾರು ಉಂಡು ಅಷ್ಟು ದೊಡ್ಡ ಕಲ್ಲುಗಳನ್ನು ಎತ್ತಿದರೆಂಬುದು ನನಗೂ ಅನುಮಾನವೇ.

ಈ ಬೇಸಿಗೆಯಲ್ಲಿ ನಾನು ಹುಬ್ಬಳ್ಳಿಯಿಂದ ಬಂದು ಮಲಗಿ ಎದ್ದ ದಿನ, ಅಂಗಳದ ಹಾಸಿನ ಮೇಲೆ ಮೆಣಸಿನಕಾಯಿ ಹರವಿತ್ತು. ಹರವಿತ್ತು ಎನ್ನುವಷ್ಟೂ ಇರಲಿಲ್ಲ. ಅಡುಗೆಗೆಂದು ಕನಕಗಿರಿಯಿಂದ ಬಂದಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತವ್ವ, ತೊಟ್ಟು ಮುರಿಯುತ್ತಿದ್ದಳು.

“ಇದೇನ, ಇಷ್ಟ?”

“ಈ ಸಲಾ ಸಾಕಲ್ಲಕ್ಕಾ. ಮುಂದ ನೋಡೂಣಂತ.”

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ದನಿಗೂಡಿಸಿದರು. “ನೀ ಹೆಂಗೂ ಖಾರ ಉಣ್ಣಂಗಿಲ್ಲ. ನಾ ಒಬ್ಬಾಂವ ಎಷ್ಟ ಉಣ್ತೀನಿ?”

ನನ್ನ ಬಾಯಿ ತುಂಬ ಹುಣ್ಣು, ಖಾರ ಉಣ್ಣಲಾರೆ, ನಿಜ. ಆದರೆ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ರಾಶಿ ನೋಡಿದರೆ ಸಾಕು, ಯಾವ ಹಬ್ಬಕ್ಕೆ ಡಬ್ಬಿ ಖಾಲಿಯಾಗುತ್ತದೆಂದು ಹೇಳಬಲ್ಲೆ.

“ಇದು ನಾಗರ ಪಂಚಮಿ ತನಕಾ ಬರತೈತಿ,” ಎಂದೆ. ಗೋಡೆ ಹಿಡಿದು ನಿಂತಿದ್ದೆ, ದನಿ ಮಾತ್ರ ಓಣಿಯ ಆ ತುದಿಗೆ ಕೇಳುವಂತಿತ್ತು. “ಆಮ್ಯಾಗ? ಆಮ್ಯಾಗ ನಾ ಎಲ್ಲಿರ್ತೀನಿ? ಪಂಚಮಿ ತನಕಾ ಅಂತ ನೀವಿಬ್ಬರೂ ಕೂಡಿ ನಿಕ್ಕಿ ಮಾಡೀರೇನು?”

ಪೇಪರು ಕೆಳಗಿಳಿಯಿತು. ಶಾಂತವ್ವ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತಳು. “ಹಂಗಲ್ಲಕ್ಕಾ. ಖಾರ ಉಳದು, ನೀನ ಇಲ್ಲಂದ್ರ... ನೀ ಮಾಡಿಸಿದ ಖಾರ ಉಣ್ಕೋತ ನಾವು ಹೆಂಗ ಕುಂದ್ರೂದು?”

ಇಲ್ಲಿ ನನ್ನ ಸಿಟ್ಟು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಕರಗಲಿಲ್ಲ, ಇಮ್ಮಡಿಯಾಯಿತು. ಇವರಿಗೆ ನನ್ನ ಮೇಲೆ ಪ್ರೀತಿ ಇದೆ, ಅದಕ್ಕೇ ಮನಸ್ಸಿನಲ್ಲಿ ನನ್ನನ್ನು ಆಗಲೇ ಕಳಿಸಿಕೊಟ್ಟು, ಅಳುವ ಸಿದ್ಧತೆಯನ್ನೂ ಮುಗಿಸಿದ್ದಾರೆ!

“ಅತ್ಕೋತ ಉಣ್ರಿ!” ಎಂದೆ. “ಯಾರರ ಕೇಳಿದ್ರ ಖಾರ ಆಗೇತಿ ಅಂತ ಹೇಳ್ರಿ. ಆದ್ರ ನಾ ಇನ್ನೂ ಇಲ್ಲೇ ನಿಂತೀನಿ. ನನ್ನ ಕಣ್ಣ ಮುಂದ ನನ್ನ ವರ್ಷಾ ಕಡಿಮಿ ಮಾಡಬ್ಯಾಡ್ರಿ.”

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೋದರು. ಬರುವಾಗ ಆಟೋದಲ್ಲಿ ಅವರ ಪಕ್ಕದಲ್ಲಿ ಒಂದು ಚೀಲ ಕೂತಿತ್ತು. ಬ್ಯಾಡಗಿ ಮೆಣಸಿನಕಾಯಿ, ಪ್ರತಿ ವರ್ಷದಷ್ಟೇ. ಚೀಲ ಇಳಿಸುವಾಗ ಅವರ ಕಣ್ಣೂ ಕೆಂಪಗಿದ್ದವು. ಇನ್ನೂ ತೊಟ್ಟು ಕೂಡ ಮುರಿದಿರಲಿಲ್ಲ, ಘಾಟಿನ ನೆಪ ಹೇಳುವಂತಿರಲಿಲ್ಲ.

ಮರುದಿನ ಮಸಾಲೆ ಹುರಿದೆವು. ನಾನು ಮಾಸ್ಕು ಹಾಕಿಕೊಂಡು ಒಳಮನೆಯ ಬಾಗಿಲಲ್ಲಿ ಕೂತು, ಕೊತ್ತಂಬರಿ ಸೀದಿತೆಂದು ಒಬ್ಬಳಿಗೆ, ಕೊಬ್ಬರಿ ಹಸಿ ಉಳಿಯಿತೆಂದು ಒಬ್ಬರಿಗೆ ಬೈದೆ. ಮನೆಯೆಲ್ಲ ಸೀನು. ಎಷ್ಟೋ ದಿನಗಳಾದ ಮೇಲೆ ಅಂದು ಸಂಜೆಯವರೆಗೂ ಸ್ಕ್ಯಾನಿನ ನೆನಪು ನನಗೆ ಬರಲಿಲ್ಲ.

ಡಬ್ಬಿಗಳು ಈಗ ತುಂಬಿ ಕೂತಿವೆ. ಬರುವ ವಾರ ಮತ್ತೆ ಹುಬ್ಬಳ್ಳಿ. ಖಾರ ತೀರುವ ತನಕ ನಾನಿರುತ್ತೇನೋ ಇಲ್ಲವೋ ಹೇಳಲಾರೆ. ಭಯವಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನಾನಿಲ್ಲವಾದರೆ ಈ ಡಬ್ಬಿಗಳೆಲ್ಲ ಶಾಂತವ್ವನ ಪಾಲಿಗೆ ಹೋಗುತ್ತವೆ. ಅವಳೋ, ಬೇಳೆ ಸಾರಿಗೆ ಬೆಲ್ಲ ಸುರಿಯುವವಳು. ನನ್ನ ವರ್ಷದ ಖಾರವೆಲ್ಲ ಆ ಪಾಯಸದಲ್ಲಿ ಮುಳುಗಿ ಹೋಗುವುದನ್ನು ನೆನೆಸಿಕೊಂಡರೆ, ದೇವರಾಣೆಗೂ ಸಾಯಲು ಮನಸ್ಸಾಗುವುದಿಲ್ಲ.