ಮುದ್ದೆ ನುಂಗಿ ಗೆದ್ದ ದಿನ

ಈಗಿನ ಮಕ್ಕಳು ಎಲ್ಲೇ ಇದ್ದರೂ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಮುಖ ನೋಡ್ತಾರೆ. ಎಂಬತ್ತರ ದಶಕದಲ್ಲಿ ಫಾರಿನ್ನಿಗೆ ಹೋಗೋದು ಅಂದರೆ ಕಣ್ಣಿಂದ ಮರೆಯಾಗೋದೇ. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿದ್ದ ಅಪ್ಪ ಕೆಲಸಕ್ಕೆಂದು ಅಮ್ಮನನ್ನೂ ನನ್ನನ್ನೂ ಲಿಬಿಯಾಕ್ಕೆ ಕರೆದುಕೊಂಡು ಹೋದಾಗ ನನಗೆ ನಾಲ್ಕು ವರ್ಷ. ತಂಗಿ ಸುಮ ಹುಟ್ಟಿದ್ದೇ ಅಲ್ಲಿ.

ಮರಳುಗಾಡಿನ ಕ್ಯಾಂಪ್, ತಗಡಿನ ಒಂದೇ ಕೋಣೆ. ಸುಖವೂ ಇತ್ತು ನೋಡಿ: ಅಪ್ಪ ತರುತ್ತಿದ್ದ ಬಿಸಿ ಬ್ರೆಡ್ಡಿನ ವಾಸನೆ, ಮೆತ್ತನೆಯ ಖರ್ಜೂರ, ಅಮ್ಮನ ಸೆರಗಿನೊಳಗೆ ಕಣ್ಣಾಮುಚ್ಚಾಲೆ. ಮರಳುಗಾಳಿ ಎದ್ದರೆ ಅಮ್ಮ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ನಮ್ಮಿಬ್ಬರನ್ನೂ ಅವಚಿಕೊಂಡು ಕೂತುಬಿಡುತ್ತಿದ್ದಳು. ಹಗಲೆಲ್ಲ ಅವಳ ಜೊತೆ ಮಾತಾಡೋಕೆ ನಾವಿಬ್ಬರೇ.

ಅಮ್ಮ ಮತ್ತೆ ಬಸುರಿಯಾದಳು. ಮೂವರನ್ನು ಅಲ್ಲಿ ಸಾಕೋಕಾಗಲ್ಲ, ರಜಕ್ಕೆ ಹೋದಾಗ ಒಬ್ಬಳನ್ನು ಗುಬ್ಬಿ ಹತ್ತಿರದ ಕಡಬದಲ್ಲಿ ಅಜ್ಜಿ ಹತ್ತಿರ ಬಿಟ್ಟು ಬರೋಣ ಅಂದರು ಅಪ್ಪ. ಯಾರನ್ನು ಅಂತ ಹೇಳಲಿಲ್ಲ. ವಿಮಾನದಲ್ಲಿ ನಾನು ಅಮ್ಮನ ಸೆರಗು ಬಿಡಲೇ ಇಲ್ಲ.

ಕಡಬದಲ್ಲಿ ಮೊದಲ ದಿನವೇ ಅಜ್ಜಿ ಮುದ್ದೆ, ಬಸ್ಸಾರು ಬಡಿಸಿದಳು. ಸುಮ ಮುದ್ದೆಯನ್ನು ಬ್ರೆಡ್ಡಿನ ಹಾಗೆ ಅಗಿದಳು. ಹಲ್ಲಿಗೆಲ್ಲ ಅಂಟಿ, ವ್ಯಾಕ್ ಅಂತ ಉಗಿದಳು.

"ಅಯ್ಯೋ, ಅಗೀತವ್ಳಲ್ಲೋ! ನುಂಗ್ಬೇಕು ಕಣೇ. ಏನ್ಲಾ, ನಿನ್ ಮಗ್ಳು ದೊರೆಸಾನಿ ಆಗವ್ಳೆ!" ಅಂತ ಅಜ್ಜಿ ಅಪ್ಪನನ್ನು ಛೇಡಿಸಿದಳು.

ನಾನು ಮರೆತಿರಲಿಲ್ಲ. ತುತ್ತು ಮುರಿದು, ಸಾರಿಗೆ ಅದ್ದಿ, ಗುಳುಕ್ ಅಂತ ನುಂಗಿದೆ. ಸೊಪ್ಪಿನ ಘಮ, ಬೆಳ್ಳುಳ್ಳಿ ಖಾರ, ಹೊಟ್ಟೆಯೆಲ್ಲ ಬೆಚ್ಚಗೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನೋಡ್ಲಾ, ಇವ್ಳು ನಮ್ಮೋಳು! ಇನ್ನೊಂದ್ ಹಾಕ್ಲೇನೇ?"

"ಹಾಕಜ್ಜಿ!"

ನಗುತ್ತಿದ್ದ ಅಪ್ಪ ಅಮ್ಮನ ಕಡೆ ತಿರುಗಿ, "ಚಿಕ್ಕೋಳನ್ನ ಬಿಟ್ರೆ ಉಪವಾಸ ಬೀಳ್ತಾಳೆ. ಇವ್ಳಿಗೆ ಇಲ್ಲಿ ಒಗ್ಗುತ್ತೆ ಕಣೇ. ಇವ್ಳೇ ಇರ್ಲಿ ಬುಡು" ಅಂದರು.

ಅಮ್ಮ ನನ್ನ ತಟ್ಟೆಯ ಎರಡನೇ ಮುದ್ದೆಯನ್ನೇ ನೋಡುತ್ತಿದ್ದಳು. ನಾನು ಬಾಯಲ್ಲಿದ್ದ ತುತ್ತನ್ನು ಅಗಿಯೋಕೆ ಶುರು ಮಾಡಿದೆ. ಹಲ್ಲಿಗೆಲ್ಲ ಅಂಟಿಸಿಕೊಂಡು, ಸುಮಳ ಹಾಗೇ ವ್ಯಾಕ್ ಅಂದೆ.

"ಆಟ ನೋಡು ಇವ್ಳದು!" ಅಂತ ಅಜ್ಜಿ ನಕ್ಕಳು.

ಅವರು ಹೊರಟ ದಿನ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಕಿಟಕಿಯಿಂದ ಕೈ ಚಾಚಿ, "ಹೊಟ್ಟೆ ತುಂಬ ಉಣ್ಣು ಕಂದಾ" ಅಂದಳು. ಅವರು ಊರಿಗೆ ಪೂರ್ತಿ ವಾಪಸ್ ಬರುವಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಅಮ್ಮ ಅಂತ ಕೂಗೋಕೂ ಸಂಕೋಚ.

ಅಜ್ಜಿ ಈಗಿಲ್ಲ. ಅಪ್ಪ ಆಮೇಲೆ ಕಟ್ಟಿಸಿದ ಉಪ್ಪಾರಹಳ್ಳಿಯ ಮನೆಯಲ್ಲಿ ನಾವೆಲ್ಲ ಊಟಕ್ಕೆ ಸೇರಿದಾಗ ಅಮ್ಮ ಇವತ್ತಿಗೂ ಸುಮಳ ತಟ್ಟೆಗೆ ಕೇಳದೇ ಅನ್ನ ಹಾಕುತ್ತಾಳೆ. "ಕತ್ತೆ, ನಿಂಗೆಲ್ಲಿ ಮುದ್ದೆ ಇಳಿಯುತ್ತೆ" ಅಂತ ಬೈಯುತ್ತಾಳೆ. ನನ್ನ ಹತ್ತಿರ ಬಂದಾಗ ಮಾತ್ರ, ನೆಂಟರನ್ನು ಕೇಳುವ ಹಾಗೆ ಮೆಲ್ಲಗೆ ಕೇಳುತ್ತಾಳೆ: "ಇನ್ನೊಂದು ಹಾಕ್ಲಾಮ್ಮಾ?"