ಹುಳುಮನೆಗೆ ಬಂದ ಲೆಕ್ಕದ ಮಿಸ್

ಸಗಣಿ ಬಾಚಿ, ಹಿಪ್ಪುನೇರಳೆ ಸೊಪ್ಪು ತಂದು, ಸಾರಿಗಿಟ್ಟು, ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿದಿರಿನ ತಟ್ಟೆ ಚಂದ್ರಿಕೆಗೆ ಬಿಡುತ್ತಿದ್ದೆ. ಆಗ ಮಗಳ ಲೆಕ್ಕದ ಮಿಸ್ ತೂಬಗೆರೆಯ ಶಾಲೆಯಿಂದ ನಡೆದೇ ಬಂದರು. ಏಳನೇ ಕ್ಲಾಸಿನ ಅವಳನ್ನು ಹುಳು ಆರಿಸಲೆಂದು ಮೂರು ದಿನ ಶಾಲೆ ಬಿಡಿಸಿದ್ದೆ. ಬೈಸಿಕೊಳ್ಳಲು ಸಿದ್ಧಳಾದೆ.

"ನಾನಿನ್ನು ಬರಲ್ಲ ಮಿಸ್. ಭಿನ್ನರಾಶಿ ಗೊತ್ತಿಲ್ಲ ಅಂದ್ರೆ ಎಲ್ರೂ ನಗ್ತಾರೆ," ಎಂದಳು ಮಗಳು. ನನಗೆ ಇದನ್ನು ಹೇಳಿರಲೇ ಇಲ್ಲ.

ಮಿಸ್ ಸೆರಗು ಸಿಕ್ಕಿಸಿ ಕುಳಿತರು. "ನೀನು ಹುಳ ಆರ್ಸೋದು ಹೇಳ್ಕೊಡಮ್ಮ, ನಾನು ಭಿನ್ನರಾಶಿ ಹೇಳ್ಕೊಡ್ತೀನಿ." ಅವರು ಎತ್ತಿದ ಮೊದಲ ಹುಳುವೇ ಹಣ್ಣಾಗಿರಲಿಲ್ಲ.

"ಅಯ್ಯೋ ಮಿಸ್, ಅದಿನ್ನೂ ಸೊಪ್ಪು ತಿನ್ನೋ ಹುಳ!" ಮಗಳು ನಕ್ಕುಬಿಟ್ಟಳು.

"ನಗು, ನಗು. ನಾನೇನ್ ಎದ್ದೋಗಲ್ಲ," ಎಂದರು ಮಿಸ್.

ಹುಳು ಆರಿಸುತ್ತಲೇ ಅರ್ಧ, ಕಾಲು ಎಂದು ಭಿನ್ನರಾಶಿಯ ಪಾಠವೂ ನಡೆಯಿತು. ಸಂಜೆ ಮುದ್ದೆ, ಹುರುಳಿಸಾರು ಉಂಡೆವು. ದಿನವಿಡೀ ಹುಳು ಬಿಟ್ಟು ನನ್ನ ಬೆರಳುಗಳು ಮರಗಟ್ಟಿದ್ದವು. ಮಗಳು ಬೆಳಗ್ಗೆಗೆಂದು ಯೂನಿಫಾರ್ಮು ತೆಗೆದಿಟ್ಟು, ಎಲ್ಲರಿಗಿಂತ ಮೊದಲು ಮಲಗಿದಳು.